ಮಡಿವಾಳೆಪ್ಪನ ಮ್ಯಾಲಿನ ಡಬ್ಬಿಗಳು

ಗಿರಣಿ ಮಡಿವಾಳೆಪ್ಪನ ಮೊಬೈಲಿನ್ಯಾಗ ಎಷ್ಟು ಅಕೌಂಟ್ ಅದಾವ ಅಂತ ಅವನ್ನ ಕೇಳಾಕ ಹೋಗಬ್ಯಾಡ್ರಿ. ಅವಗೂ ಗೊತ್ತಿಲ್ಲ. ಅವಗ ಗೊತ್ತಿಲ್ಲ ಅನ್ನೋದು ನಮಗ ಗೊತ್ತಾಗಿದ್ದು ಭಾಳ ತಡಾ ಆಗಿ. ಅಲ್ಲೀತನಕ ನಮ್ಮ ಓಣಿ ಮಂದಿ ಅವಗ ಆರತಿ ಎತ್ತೋದೊಂದು ಬಾಕಿ ಇತ್ತು.

ನಾನು ಅವನ ಗಿರಣಿ ಎದುರಿಗೆ ಹೊಲಿಗಿ ಮಷಿನ್ ಇಟಗೊಂಡು ಕುಂತಾಂವ, ಲಕ್ಷ್ಮಣ ಟೇಲರ್. ಇಡೀ ಬೈಲಹೊಂಗಲದಾಗ ನನ್ನಷ್ಟು ಸೊಟ್ಟ ಮಾತಿನ ಮನಷ್ಯಾ ಇಲ್ಲ ಅಂತ ನನ್ನ ಹೇಣ್ತಿ ಅಂತಾಳ. ಇರಲಿ. ನಾನು ಸುಮ್ಮಸುಮ್ಮನ ಯಾವದಕ್ಕೂ ಬೆರಗಾಗಾಂವ ಅಲ್ಲ ಅನ್ನೋದು ನಿಮಗ ತಿಳೀಲಿ ಅಂತ ಹೇಳಿದೆ. ಅಂಥಾ ನಾನೂ ಕಡೀಕ ಕೈಯಾಗಿನ ಕತ್ತರಿ ಬಿಟ್ಟು ಬಾಯಿ ತಕ್ಕೊಂಡು ನಿಂತೆ. ಅದನ್ನ ಹೇಳಾಕ ಹೊಂಟೇನಿ.

ಸುರು ಆಗಿದ್ದು ಹಿಂಗ. ಮಡಿವಾಳೆಪ್ಪಗ ಫೋಟೋ ಹೊಡಿಯೋ ಹುಚ್ಚು. ಗಿರಣಿಗೆ ಬಂದ ಮೆಣಸಿನಕಾಯಿ ಬಣ್ಣ ಚಲೋ ಇದ್ರ ಫೋಟೋ, ಕಟ್ಟಿ ಮ್ಯಾಲ ಬೆಕ್ಕು ಮಲಗಿದ್ರ ಫೋಟೋ, ಹೇಣ್ತಿ ನೀಲಾ ಸಿಟ್ಟಿಗೆದ್ರ ದೂರ ನಿಂತು ಅದರದ್ದೂ ಒಂದು ಫೋಟೋ. ಒಂದಿನ ಮೊಬೈಲ್ ತುಂಬಿ, ಇನ್ನ ಒಂದೂ ಒಲ್ಲೆ ಅಂತು. ಬಸ್ ಸ್ಟ್ಯಾಂಡ್ ಕಡೆ ಮೊಬೈಲ್ ಅಂಗಡ್ಯಾಂವ, "ಕಾಕಾ, ಫೋಟೋ ಎಲ್ಲಾ ಮ್ಯಾಲ ಇಡ್ರಿ, ಕ್ಲೌಡಿನ್ಯಾಗ. ಒಂದು ಅಕೌಂಟಿಗೆ ಇಂತಿಷ್ಟು ಜಾಗಾ ಅಂತ ಪುಕ್ಕಟ ಕೊಡತಾರ. ತುಂಬಿದ್ರ ಬ್ಯಾಡಾದ್ದು ತಗದು ಹಾಕ್ರಿ," ಅಂದ.

"ತಗದು ಯಾಕ ಹಾಕಬೇಕು? ಇನ್ನೊಂದು ಅಕೌಂಟ್ ಮಾಡಿದ್ರ?"

"ಅದಕ್ಕೂ ಅಷ್ಟೇ ಜಾಗಾ ಪುಕ್ಕಟ ರೀ."

"ಮತ್ತೊಂದು ಮಾಡಿದ್ರ?"

ಅಂಗಡ್ಯಾಂವ ತಲಿ ಕೆರಕೊಂಡು, "ಅದಕ್ಕೂ," ಅಂದ.

ಅಷ್ಟು ಸಾಕಾತು. ಗಿರಣಿ ನಡಸಾಂವಗ ಇದನ್ನ ಬ್ಯಾರೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಡಬ್ಬಿ ತುಂಬಿದ್ರ ಇನ್ನೊಂದು ಡಬ್ಬಿ. ಜ್ವಾಳದ್ದು ಬ್ಯಾರೆ, ಗೋದಿದು ಬ್ಯಾರೆ, ಖಾರದ್ದು ಎಲ್ಲಾದಕ್ಕಿಂತ ದೂರ. ಮಡಿವಾಳೆಪ್ಪ ಅಕೌಂಟಿಗೂ ಹಂಗ ಹೆಸರಿಟ್ಟ. ಮನಿ ಮಂದಿ ಫೋಟೋ ಜ್ವಾಳದ ಅಕೌಂಟಿಗೆ. ಲಗ್ನ, ಬಸುರ್ಯಾರ ಕುಬಸದ್ದು ಗೋದಿ ಅಕೌಂಟಿಗೆ. ಬಾಜೂಮನಿ ಪದ್ಮವ್ವ ತನ್ನ ಗ್ವಾಡಿನ ಒಂದು ಗೇಣು ಇವನ ಜಾಗಾಕ್ಕ ತಂದಾಳ ಅಂತ ಸಾಕ್ಷಿಗೆ ಹೊಡದ ಫೋಟೋ ಖಾರದ ಅಕೌಂಟಿಗೆ.

ಒಂದಿಷ್ಟು ಅಕೌಂಟ್ ಆದಮ್ಯಾಲ, ಈ ಫೋನ್ ನಂಬರಿಗೆ ಇನ್ನ ಸಾಕು ಅಂತ ಮೊಬೈಲ್ ಹೇಳ್ತು. ಮಡಿವಾಳೆಪ್ಪ ಅಂಜಲಿಲ್ಲ. ಗಿರಣ್ಯಾಗ ಡಬ್ಬಿ ಕಮ್ಮಿ ಬಿದ್ರ ಬೀಗರ ಮನಿಯಿಂದ ತರತಾರಲ್ಲ, ಹಂಗ ನಂಬರ್ ತಂದ. ಕಿತ್ತೂರಿನ ತಂಗಿ ತಂಗೆವ್ವನ ನಂಬರ್ ಮ್ಯಾಲ ಒಂದು, ರಾಮದುರ್ಗದ ಸೋದರಮಾವನ ನಂಬರ್ ಮ್ಯಾಲ ಒಂದು, ಸಿರಸಂಗಿಯ ಹೆಣ್ಣು ಕೊಟ್ಟ ಮಾವ ಶಿವಲಿಂಗಪ್ಪನ ನಂಬರ್ ಮ್ಯಾಲ ಒಂದು, ಹಿಂಗ ಇನ್ನೂ ಎಷ್ಟೋ ಮಂದಿ ಬೀಗರ ನಂಬರ್ ಮ್ಯಾಲ. ಆವಾಗ ಎಲ್ಲಾರೂ ಬಂದ ಓಟಿಪಿ ಓದಿ ಹೇಳಿದ್ರು. ಆ ದಿನಗಳು ಬ್ಯಾರೆ ಇದ್ವು.

ಸುದ್ದಿ ಓಣಿ ತುಂಬ ಆತು. ಮಡಿವಾಳೆಪ್ಪಗ ಮ್ಯಾಲ ಇಷ್ಟು ಜಾಗಾ ಐತಂತ, ಒಂದು ಪೈಸಾ ಕೊಟ್ಟಿಲ್ಲಂತ, ಎಲ್ಲಾ ಕೈಯಾಗಿನ ಮೊಬೈಲಿನಿಂದ ನಡಸತಾನಂತ. ಮಂದಿ ಬೀಸಾಕ ತಂದ ಡಬ್ಬಿ ಮ್ಯಾಲ ತಮ್ಮ ಮೊಬೈಲೂ ಇಟ್ಟು ಪಾಳಿ ಹಚ್ಚಿದ್ರು. "ನಮ್ಮ ಮಗನ ಫೋಟೋ ಒಂದೀಟು ಮ್ಯಾಲ ಇಡ್ರಿ ಮಡಿವಾಳೆಪ್ಪಣ್ಣ." ಅಂವಾ ಹಿಟ್ಟಿನ ಕೈ ಧೋತರಕ್ಕ ಒರಸಿಕೊಂಡು, ಕಣ್ಣು ಸಣ್ಣ ಮಾಡಿ, "ಯಾವದರಾಗ ಇಡಲಿ? ಗೋದಿದರಾಗ ಜರಾ ಜಾಗಾ ಐತಿ," ಅಂತಿದ್ದ. ಮಾಮಲೇದಾರ್ ಕಚೇರ್ಯಾಗೂ ಅಂಥಾ ಗತ್ತು ನಾ ನೋಡಿಲ್ಲ.

ಅವನ ಹೇಣ್ತಿ ನೀಲಾ ಮಾತ್ರ, "ಮನ್ಯಾಗ ತಮ್ಮ ಚಪ್ಪಲಿ ಎಲ್ಲಿ ಬಿಟ್ಟಾರಂತ ಗೊತ್ತಿಲ್ಲ. ಮಂದಿ ಸಾಮಾನು ಮ್ಯಾಲ ಕಾಯತಾರಂತ," ಅಂತಿದ್ಲು. ಆಕಿ ಮಾತು ಯಾರೂ ಕಿವ್ಯಾಗ ಹಾಕೊಳ್ಳಲಿಲ್ಲ. ನಾನೂ ನನ್ನ ಮೊಮ್ಮಗಳ ನಾಮಕರಣದ ಫೋಟೋ ಕೊಟ್ಟು ಬಂದೆ.

ಹಿಂಗಿದ್ದಾಗ ಒಂದಿನ ಮರೆವ್ವ ಬಂದ್ಲು.

ಮರೆವ್ವ ನಮ್ಮ ಓಣಿ ಕಡೀ ಮನ್ಯಾಕಿ. ಗಂಡ ಲಕ್ಕಪ್ಪ ಸವದತ್ತಿ ಸಂತ್ಯಾಗ ದನದ ಹಗ್ಗಾ ಮಾರಾಂವ. ತೀರಿಕೊಂಡು ವರ್ಷದ ಮ್ಯಾಲಾತು. ಸಾಯೋಕಿಂತ ಸ್ವಲ್ಪ ದಿನಾ ಮೊದಲ ಅಂವಾ ಸಂತಿಯಿಂದ ಆಕಿ ಮೊಬೈಲಿಗೆ ತನ್ನ ಧ್ವನಿ ಕಳಿಸಿದ್ದ. ಲಕ್ಕಪ್ಪನ ಧ್ವನಿ ಅಂತ ಈ ಭೂಮಿ ಮ್ಯಾಲ ಉಳದದ್ದು ಅದೊಂದ. ಮರೆವ್ವ ಅದನ್ನ ದಿನಾ ಒಬ್ಬಾಕಿನ ಕುಂತು ಕೇಳತಿದ್ಲು. ಮಂದಿ ಮುಂದ ಹಚ್ಚಾಕ ನಾಚಿಕಿ. ಈಗ ಆಕಿ ಮೊಬೈಲ್ ಒಮ್ಮೆ ಹತ್ತಿದ್ರ ಒಮ್ಮೆ ಹತ್ತತಿರಲಿಲ್ಲ.

"ತಮ್ಮಾ, ಇದನ್ನ ಮ್ಯಾಲ ಇಡು. ಇದರಾಗ ಅವರು ನನ್ನ ಹೆಸರು ತುಗೊಂಡಾರ," ಅಂದ್ಲು.

ಪಾಳ್ಯಾಗ ನಿಂತ ಪದ್ಮವ್ವ ನಕ್ಕುಬಿಟ್ಲು. "ಯಾರು, ಲಕ್ಕಪ್ಪ? ಹೇಣ್ತಿ ಹೆಸರು?"

ಪದ್ಮವ್ವ ಅಂದದ್ದೂ ಸುಳ್ಳಲ್ಲ ನೋಡ್ರಿ. ಲಕ್ಕಪ್ಪ ಹೇಣ್ತಿ ಹೆಸರು ಹಿಡದು ಕರದದ್ದು ಓಣ್ಯಾಗ ಯಾರೂ ಕೇಳಿಲ್ಲ. 'ಏ ಇಕಿನ' ಅಂದ್ರ ಮರೆವ್ವ, 'ಏ ಬಾ' ಅಂದ್ರ ಎಮ್ಮಿ. ಕೆಲವೊಮ್ಮೆ ಇಬ್ರೂ ಬರತಿದ್ವು.

"ತುಗೊಂಡಾರ," ಅಂದ್ಲು ಮರೆವ್ವ. "ನನಗ ಏನೋ ಕೇಳಿದ್ರು ಅದರಾಗ. ತಿರುಗಿ ಹೇಳಾಕ ನನಗ ಬರಲಿಲ್ಲ, ಮೊಬೈಲ್ ತಿಳೀದು. ಅವರು ಮನಿಗೆ ಬಂದು ಸಿಟ್ಟು ಮಾಡಿದ್ರು."

ಗಿರಣಿ ನಡದಿತ್ತು, ಕಿವಿಗೆ ಏನೂ ಕೇಳೂವಂಗಿರಲಿಲ್ಲ. ಮಡಿವಾಳೆಪ್ಪ ಆ ಧ್ವನೀನ ಕೇಳದೇನ ತನ್ನ ಮೊಬೈಲಿಗೆ ತುಗೊಂಡ, ಅಲ್ಲಿಂದ ಮ್ಯಾಲ ಕಳಿಸಿದ, "ಚಿಂತಿ ಬಿಡ್ರಿ ಯವ್ವಾ, ನೂರು ವರ್ಷ ಇರತೈತಿ," ಅಂದ. ಮರೆವ್ವ ಮ್ಯಾಲ ಗಿರಣಿ ತಗಡಿನ ಛಾವಣಿ ಕಡೆ ನೋಡಿ ಕೈಮುಗಿದು ಹೋದ್ಲು. ಆ ವಾರದಾಗ ಆಕಿ ಮೊಬೈಲ್ ಪೂರಾ ತಣ್ಣಗಾತು.

ಮತ್ತೊಂದು ವಾರಕ್ಕ ಮಡಿವಾಳೆಪ್ಪನ ಮೊಬೈಲ್ ಖಾರದ ಗಿರಣ್ಯಾಗ ಬಿತ್ತು.

ಬ್ಯಾಡಗಿ ಮೆಣಸಿನಕಾಯಿ ಬೀಳೋದನ್ನ ಮ್ಯಾಲಿಂದ ಬಗ್ಗಿ ಫೋಟೋ ಹೊಡ್ಯಾಕ ಹೋಗಿದ್ದ. ಆಮ್ಯಾಲ ಬಂದದ್ದು ಫೋಟೋನೂ ಅಲ್ಲ, ಫೋನೂ ಅಲ್ಲ. ಆ ಖಾರಪುಡಿ ಯಾರದಿತ್ತು, ಅವರು ಏನಂದ್ರು ಅಂತ ಇಲ್ಲಿ ಬರಿಯೂದು ಚಂದ ಕಾಣೂದಿಲ್ಲ. ಓಣಿ ಮಂದಿ ಸೀನುಕೋತ ಗಾಬರಿ ಆಗಿ ಕೂಡಿದ್ರು. ಮಡಿವಾಳೆಪ್ಪ ಕಣ್ಣೀರು ಒರಸಿಕೊಂಡು, "ಫೋನ್ ಹೋದ್ರ ಹೋತು. ಸಾಮಾನೆಲ್ಲಾ ಮ್ಯಾಲ ಐತಿ," ಅಂದ. ಆ ಮಾತಿಗೆ ನನ್ನಂಥಾ ನನಗೂ ಮೈ ಜುಮ್ ಅಂತು. ಮನಿ ಸುಟ್ರೂ ತಿಜೋರಿ ಬ್ಯಾರೆ ಊರಾಗ ಐತಿ ಅನ್ನಾಂವನ ಧೈರ್ಯ ಅದು.

ಹೊಸಾ ಮೊಬೈಲ್ ಬಂತು, ಅದೇ ನಂಬರಿನ ಹೊಸಾ ಸಿಮ್ಮೂ ಬಂತು. ಮರೆವ್ವ ಬಂದು ಕಟ್ಟಿ ಮ್ಯಾಲ ಕುಂತ್ಲು. "ಒಮ್ಮೆ ಹಚ್ಚು ತಮ್ಮಾ, ಕೇಳಿ ಭಾಳ ದಿನಾ ಆತು."

ಮಡಿವಾಳೆಪ್ಪ ಜ್ವಾಳದ ಅಕೌಂಟ್ ತಗದ. ಅದರಾಗ ಬೆಕ್ಕು ಇತ್ತು. ಗೋದಿದು ತಗದ. ನನ್ನ ಮೊಮ್ಮಗಳ ತೊಟ್ಟಿಲಾ ಬಂತು, ಧ್ವನಿ ಬರಲಿಲ್ಲ. ಖಾರದ್ದು ತಗದ. ಅದರಾಗ ಪದ್ಮವ್ವನ ಗ್ವಾಡಿ ಹಿಂದ, ಮುಂದ, ಎಡಕ್ಕ, ಬಲಕ್ಕ, ಗೇಣು ಹಚ್ಚಿ, ಮೊಳಾ ಹಚ್ಚಿ ಎಲ್ಲಾ ನಮೂನಿ ಕಂಡಿತು. ಪದ್ಮವ್ವ ಅವನ ಹೆಗಲ ಹಿಂದಽ ನಿಂತಿದ್ಲು.

"ಚಲೋ ಬಂದೇತಿ ಗ್ವಾಡಿ," ಅಂದ್ಲು. ಮಡಿವಾಳೆಪ್ಪ ಹಿಂದ ತಿರುಗಿ ನೋಡಲಿಲ್ಲ.

ತಂಗೆವ್ವನ ನಂಬರಿಂದು ತಗ್ಯಾಕ ಹೋದಾಗ ಮೊಬೈಲ್ ಓಟಿಪಿ ಕೇಳ್ತು. ಹೊಸಾ ಫೋನಿದು, ನೀ ಯಾರು ಅಂತ ತೋರಿಸು ಅನ್ನೋದು ಅದರ ಮಾತು. ಕಿತ್ತೂರಿಗೆ ಫೋನ್ ಹೋತು, ತಂಗೆವ್ವ ಓದಿ ಹೇಳಿದ್ಲು. ಅದರಾಗ ಇರಲಿಲ್ಲ. ರಾಮದುರ್ಗಕ್ಕ ಫೋನ್ ಹೋತು. ಅದರಾಗೂ ಇರಲಿಲ್ಲ. ಮಡಿವಾಳೆಪ್ಪನ ಮುಖ ಬೆಳ್ಳಗಾಗಕೋತ ಹೊಂಟಿತು, ಹಿಟ್ಟಿಂದಲ್ಲ.

"ತಮ್ಮಾ, ಇಟ್ಟೀಯೋ ಇಲ್ಲೋ?" ಅಂತ ಮರೆವ್ವ ಮೆಲ್ಲಕ ಕೇಳಿದ್ಲು.

"ಇಟ್ಟೇನಿ ಯವ್ವಾ. ಎಲ್ಲಿ ಇಟ್ಟೇನಿ ಅಂತ..." ಅಂದ.

ಅಂತೂ ಓಣಿಗೆ ತಿಳೀತು. ಮರೆವ್ವ ಅಳಲಿಲ್ಲ. ಸೀರಿ ಸೆರಗಿನ ಚುಂಗು ಬೆರಳಿಗೆ ಸುತ್ತಕೋತ ಕುಂತ್ಲು. ಅಕ್ಕಪಕ್ಕದವರು, ಲಕ್ಕಪ್ಪ ಹೆಸರಂತೂ ತುಗೊಂಡಿರಲಿಕ್ಕಿಲ್ಲ, ಮುದುಕಿಗೆ ಹಂಗ ಅನಿಸಿರಬೇಕು ಅಂತ ಗುಸುಗುಸು ಸುರು ಮಾಡಿದ್ರು. ಅದು ಆಕಿ ಕಿವಿಗೆ ಬಿತ್ತು. ನನಗ ಆವಾಗ ಮಡಿವಾಳೆಪ್ಪನ ಮ್ಯಾಲ ಎಂಥಾ ಸಿಟ್ಟು ಬಂತಂದ್ರ, ಕೈಯಾಗಿನ ಪೋಲಕದ ತೋಳು ಉಲ್ಟಾ ಹಚ್ಚಿಬಿಟ್ಟೆ.

ಆಗ ಬಾಯಿ ತಗದಾಕಿ ಪದ್ಮವ್ವ. ಸಿಟ್ಟಿಲೇನ ತಗದ್ಲು. "ನಿನ್ನ ಗಿರಣಿ ಹಣೇಬರಾ ನನಗ ಗೊತ್ತಿಲ್ಲೇನು? ನನ್ನ ಮುಂದ ಯಾರು ಬೀಸಿರತಾರ, ಅವರ ಹಿಟ್ಟು ಕಲ್ಲಾಗ ಉಳದು ನನ್ನ ಡಬ್ಬ್ಯಾಗ ಬೀಳತೈತಿ. ಮೊನ್ನೆ ನನ್ನ ಜ್ವಾಳದ ಹಿಟ್ಟಿನ್ಯಾಗ ಕಡ್ಲಿ ಹಿಟ್ಟು ಬಂತು. ಇದೂ ಹಂಗ ಆಗೇತಿ. ಈಕಿದು ಕಲ್ಲಾಗ ಸಿಕ್ಕಿರಬೇಕು. ಈಕಿದಾದಮ್ಯಾಲ ಯಾರ ಡಬ್ಬಿ ಇಟ್ಟಿ, ಅದನ್ನ ಹೇಳು."

ಮಡಿವಾಳೆಪ್ಪ ಹಣಿ ಮ್ಯಾಲ ಕೈ ಇಟಗೊಂಡ. ತಗಡಿನ ಒಳಗ ನೆಟವರ್ಕ್ ಎಳದಾಡತೈತಿ. ಮರೆವ್ವಂದು ಹೊಂಟದ್ದು ಅರ್ಧ ದಾರ್ಯಾಗ ನಿಂತಿರಬೇಕು, ಅಷ್ಟರಾಗ ಇಂವಾ ಅಕೌಂಟ್ ಬದಲಿ ಮಾಡಿರಬೇಕು. ಉಳದದ್ದು ಮುಂದಿನ ಅಕೌಂಟಿಗೆ ಹೋಗಿ ಬಿದ್ದೇತಿ. ಅವತ್ತು ಆಕಿದಾದಮ್ಯಾಲ ಇಟ್ಟದ್ದು ಯಾರದ್ದು?

"ಮಾವಾರದು," ಅಂದ. "ಅವರ ಎತ್ತಿನ ಫೋಟೋ."

ಸಿರಸಂಗಿಗೆ ಫೋನ್ ಹೋತು. ಈಗ ಶಿವಲಿಂಗಪ್ಪ ಹೆಂಥಾ ಮನಷ್ಯಾ ಅಂತ ಹೇಳಬೇಕು. ಹೋದ ತಿಂಗಳಾ ಬ್ಯಾಂಕಿನವರು ಅವರೂರಾಗ ಮಂದೀನ ಕೂಡಿಸಿ, ಓಟಿಪಿ ಯಾರು ಕೇಳಿದ್ರೂ ಹೇಳಬ್ಯಾಡ್ರಿ, ಹೊಟ್ಟ್ಯಾಗ ಹುಟ್ಟಿದ ಮಗಾ ಕೇಳಿದ್ರೂ ಹೇಳಬ್ಯಾಡ್ರಿ ಅಂತ ತಿಳಿಸಿ ಹೇಳಿದ್ರಂತ. ಮಂದಿ ಕೇಳಿ ಮನಿಗೆ ಹೋಗಿ ಮರತ್ರು. ಶಿವಲಿಂಗಪ್ಪ ಆ ಮಾತನ್ನ ದೀಕ್ಷಾ ತುಗೊಂಡವ್ರಂಗ ತುಗೊಂಡಿದ್ದ.

"ಮಾವಾರ, ನಿಮ್ಮ ಮೊಬೈಲಿಗೆ ಒಂದು ನಂಬರ್ ಬಂದೇತಿ, ಓದಿ ಹೇಳ್ರಿ," ಅಂದ ಮಡಿವಾಳೆಪ್ಪ.

ಆ ಕಡಿಯಿಂದ, "ಅಳಿಯಂದ್ರು ಕೇಳಿದ್ರ ಜೀವಾ ಕೊಡತೇನಿ. ಓಟಿಪಿ ಕೊಡೂದಿಲ್ಲ," ಅಂತ ಬಂತು.

"ಮಗಾ ಕೇಳಿದ್ರ ಕೊಡಬಾರದಂದಾರ್ರಿ. ಅಳಿಯಾಂದು ಅವರೇನೂ ಹೇಳಿಲ್ಲಲ್ಲ."

"ಧ್ವನಿ ನಮ್ಮ ಅಳಿಯಂದ್ರದು ಐತಿ," ಅಂತ ಶಿವಲಿಂಗಪ್ಪ ಯಾರಿಗೋ ಹೇಳಿದ್ದು ಕೇಳಿಸಿತು. "ಈಗಿನ ಕಳ್ಳರು ಧ್ವನಿನೂ ಕದೀತಾರಂತ."

ನೀಲಾ ಫೋನ್ ಕಸಗೊಂಡು, "ಅಪ್ಪಾ, ನಾನು ನೀಲಾ," ಅಂದ್ಲು.

"ಮಗಳದ್ದೂ ಕದ್ದಾರ," ಅಂತ ಅಂವಾ ಫೋನ್ ಇಟ್ಟ.

ಮಡಿವಾಳೆಪ್ಪ ನನ್ನ ಫೋನಿನಿಂದ ಮಾಡಿದ, ಪದ್ಮವ್ವನ ಫೋನಿನಿಂದ ಮಾಡಿದ. ಬ್ಯಾರೆ ಬ್ಯಾರೆ ನಂಬರಿನಿಂದ ಅದೇ ಧ್ವನಿ ಬಂದದ್ದು ನೋಡಿ ಶಿವಲಿಂಗಪ್ಪಗ ಇದು ದೊಡ್ಡ ಟೋಳಿ ಅಂತ ಖಾತ್ರಿ ಆತು. ಅಂವಾ ಪೊಲೀಸರಿಗೆ ತಿಳಿಸಿದ. ಮರುದಿನಾ ಊಟದ ಹೊತ್ತಿಗೆ ಹವಾಲ್ದಾರ ವಿಜಯ ಮೋಟಾರ್ ಸೈಕಲ್ ತಂದು ಗಿರಣಿ ಮುಂದ ನಿಲ್ಲಿಸಿದ.

"ಇಲ್ಲಿ ಮಡಿವಾಳೆಪ್ಪ ಅನ್ನಾಂವನ ಧ್ವನಿ ಮಾಡಿ ಓಟಿಪಿ ಕೇಳಾಂವ ಯಾರು?"

"ನಾನ ರೀ ಸಾಹೇಬ್ರ."

"ನಿಮ್ಮ ಹೆಸರು?"

"ಮಡಿವಾಳೆಪ್ಪ."

ಹವಾಲ್ದಾರ ಟೊಪಗಿ ತಗದ. "ಅಂದ್ರ ನಿಮ್ಮ ಧ್ವನಿ ನೀವ ಮಾಡೀರಿ."

"ಹೌದ್ರಿ, ಹುಟ್ಟಿದಾಗಿಂದ."

ವಿಜಯ ಪಾಪ ಚಲೋ ಮನಷ್ಯಾ. ಎಲ್ಲಾ ಕೇಳಿಕೊಂಡ, ಕಟ್ಟಿ ಮ್ಯಾಲ ಕುಂತ ಮರೆವ್ವನ ಕಡೆ ಒಮ್ಮೆ ನೋಡಿದ, ತಾನ ಶಿವಲಿಂಗಪ್ಪಗ ಫೋನ್ ಹಚ್ಚಿ ಎಲ್ಲಾರಿಗೂ ಕೇಳೂವಂಗ ಜೋರು ಮಾಡಿ ಇಟ್ಟ. ಶಿವಲಿಂಗಪ್ಪ, ಪರೀಕ್ಷಾ ಮಾಡತೇನಿ ಅಂದ.

"ಲಗ್ನದಾಗ ನಾನು ಅಳಿಯಂದ್ರಿಗೆ ಕೈಗಡಿಯಾರ ಕೊಟ್ಟಿದ್ದೆ. ಅದರ ಪಟ್ಟಾ ಯಾವ ಬಣ್ಣದ್ದು?"

ಇಷ್ಟು ವರ್ಷ ಒಳಗ ಇಟಗೊಂಡದ್ದು ಮಡಿವಾಳೆಪ್ಪನ ಬಾಯಿಂದ ಒಮ್ಮೆಲೆ ಹೊರಗ ಬಂತು. "ಎಲ್ಲಿ ಕೊಟ್ರಿ? ಬರೋ ಸುಗ್ಗಿಗೆ ಕೊಡತೇನಿ ಅಂದ್ರಿ. ಎಷ್ಟು ಸುಗ್ಗಿ ಹೋದ್ವು, ಪಟ್ಟಾ ಹೋಗ್ಲಿ, ಅದರ ಮುಳ್ಳೂ ನಾ ನೋಡಿಲ್ಲ."

ಇಡೀ ಓಣಿ ಕೇಳಿತು. ನೀಲಾ ಒಳಗ ಹೋಗಿ ಬಾಗಲಾ ಹಾಕೊಂಡ್ಲು.

"ಹವಾಲ್ದಾರ ಸಾಹೇಬ್ರ," ಅಂತು ಫೋನು, ಬಹಳ ಸಣ್ಣ ದನಿಲೆ, "ಇವರು ನಮ್ಮ ಅಳಿಯಂದ್ರ ಅದಾರ."

"ಹಂಗಾದ್ರ ಆ ನಂಬರ್ ಹೇಳಿಬಿಡ್ರಿ ಹಿರ್ಯಾರ."

"ಪೊಲೀಸರು ಕೇಳಿದ್ರೂ ಹೇಳಬ್ಯಾಡ್ರಿ ಅಂದಾರ್ರಿ. ನಾನ ಬರತೇನಿ. ನನ್ನ ಕೈಲೆ ನಾನ ಒತ್ತತೇನಿ."

ಬಂದನೂ ಬಂದ. ಸಿರಸಂಗ್ಯಾಗ ಬಸ್ ಹತ್ತಿ, ಸವದತ್ತ್ಯಾಗ ಬಸ್ ಬದಲಿಸಿ, ಮೊಬೈಲ್ ಅಂಗಿ ಒಳಕಿಸೆದಾಗ ಇಟ್ಟು ಮ್ಯಾಲ ಕೈ ಇಟಗೊಂಡು ಬಂದ. ಬಂದಾಂವ ಮೊದಲು ಕಿಸೆದಿಂದ ಒಂದು ಹೊಸಾ ಕೈಗಡಿಯಾರ ತಗದು ಅಳಿಯಾನ ಕೈಗೆ ಕಟ್ಟಿದ. ಮಡಿವಾಳೆಪ್ಪ ಕಾಲಿಗೆ ಬಿದ್ದ. ನಾವೆಲ್ಲಾ ಬ್ಯಾರೆ ಕಡೆ ನೋಡಿದ್ವಿ.

ಕಟ್ಟಿ ಮ್ಯಾಲ ಮರೆವ್ವ, ಬಾಜೂಕ ಪದ್ಮವ್ವ, ಎದುರಿಗೆ ಹವಾಲ್ದಾರ, ಉಳದ ಓಣಿ ಸುತ್ತಲಾ. ಶಿವಲಿಂಗಪ್ಪ ಗ್ವಾಡಿ ಕಡೆ ಮುಖಾ ಮಾಡಿ ಕುಂತು, ತಲಿ ಮ್ಯಾಲಿಂದ ಟವೆಲ್ ಹೊತಗೊಂಡು, ಎರಡೂ ಮೊಬೈಲ್ ಅದರೊಳಗ ಇಟಗೊಂಡ. ಆದ್ರ ಹಿರ್ಯಾಗ ಕಿವಿ ಮಂದ. ಮಂದ ಕಿವಿಯವರು ಮೆಲ್ಲಕ ಓದತೇನಿ ಅಂತ ತಿಳಕೊಂಡು ಹೆಂಗ ಓದತಾರ ನಿಮಗ ಗೊತ್ತೈತಿ. "ನಾಕು," ಅಂತು ಟವೆಲ್. "ನಾಕಾದಮ್ಯಾಲ ಒಂದು. ಒಂದಾದಮ್ಯಾಲ ಎಂಟು." ಓಣಿ ಅಷ್ಟೂ ಮಂದಿ ಮುಗಲು ನೋಡಿಕೋತ, ಏನೂ ಕೇಳಿಸಿಲ್ಲ ಅನ್ನೂವಂಗ ನಿಂತ್ರು. ಹವಾಲ್ದಾರ ಎರಡೂ ಕಿವ್ಯಾಗ ಬಟ್ಟು ಇಟಗೊಂಡ.

ಅಂವಾ ಒತ್ತೋದರಾಗ ನಂಬರಿನ ಟೈಮ್ ಮುಗೀತು. ಮತ್ತೊಂದು ಬಂತು, ಅದೂ ಮುಗೀತು. ಮರೆವ್ವ ಕಣ್ಣು ಮಿಟಕಸದ ಆ ಟವೆಲ್ ನೋಡಿಕೋತ ಕುಂತಿದ್ಲು. ಆಮ್ಯಾಲ ಯಾವದೋ ಒಂದು ಸರತಿಗೆ ಟವೆಲ್ ಒಳಗಿಂದ, "ಬಾಗಲಾ ತಗೀತು," ಅಂತ ಬಂತು.

ಎತ್ತು ಬಂದ್ವು. ಎತ್ತಿನ ಮುಖ, ಎತ್ತಿನ ಕ್ವಾಡು, ಎತ್ತಿನ ಜೋಡಿ ಶಿವಲಿಂಗಪ್ಪ. ಮತ್ತ ಎತ್ತು. ಅವುಗಳ ನಡುವ, ಕಾಳಿನ್ಯಾಗ ಹಳ್ಳು ಸಿಕ್ಕಂಗ, ಚಿತ್ರ ಇಲ್ಲದ ಒಂದು ಸಣ್ಣ ಚೌಕ, ಬರೇ ಧ್ವನಿದು.

ಮಡಿವಾಳೆಪ್ಪ ಎದ್ದು ಹೋಗಿ ಗಿರಣಿ ಬಂದ್ ಮಾಡಿದ. ನಾನೂ ಮಷಿನ್ ಮ್ಯಾಲಿಂದ ಕಾಲು ತಗದೆ. ನಮ್ಮ ಓಣಿ ಹಗಲಿನ್ಯಾಗ ಅಷ್ಟು ಸುಮ್ಮ ಇದ್ದದ್ದನ್ನ ನಾನು ಅವತ್ತ ಕೇಳಿದೆ.

ಮೊದಲು ಸಂತಿ ಗದ್ದಲಾ ಬಂತು. ಆಮ್ಯಾಲ ಯಾವನೋ ಒಬ್ಬಾಂವ, "ಯಾರಿಗೆ ಕಳಸೂದ್ರಿ ಕಾಕಾ ಇದು? ಹೆಸರು ಹೇಳ್ರಿ, ಹುಡುಕಿ ಒತ್ತತೇನಿ," ಅಂದ. ಆಮ್ಯಾಲ ಏನೂ ಇಲ್ಲ. ಯಾರೋ ಕೆಮ್ಮಿದ್ರು. ಅದು ಲಕ್ಕಪ್ಪನ ಕೆಮ್ಮು, ನಮಗೆಲ್ಲಾ ಗುರ್ತು ಸಿಕ್ಕಿತು. ಮತ್ತ ಒಮ್ಮೆ ಕೆಮ್ಮಿದ. ಹೊಸಾ ಮದಲಿಂಗ ಹೆಸರು ಹೇಳಾಕ ನಾಚಿ ನಿಂತಂಗ ನಿಂತಿದ್ದ, ಕಾಣಲಾರದೇನ ನಮಗ ಕಾಣತಿತ್ತು.

"ಮರೆವ್ವ," ಅಂದ.

ಒಮ್ಮೆ ಅಂದದ್ದಕ್ಕ ಗಾಬರಿ ಆತೋ ಏನೋ, ಗಡಬಡಿಸಿ ಪತ್ರದ ಮ್ಯಾಲ ಬರದಂಗ ಪೂರಾ ಹೇಳಿದ. "ಮರೆವ್ವ ಗಂಡ ಲಕ್ಕಪ್ಪ, ಗಿರಣಿ ಓಣಿ, ಬೈಲಹೊಂಗಲ, ಜಿಲ್ಲಾ ಬೆಳಗಾವಿ." ಆಮ್ಯಾಲ ದನಿ ಏರಿಸಿ, "ಏ ಇಕಿನ, ಬದನಿಕಾಯಿ ಚಲೋ ಬಂದಾವ. ತರಲ್ಯೋ ಬ್ಯಾಡೋ? ಲಗೂ ಹೇಳು, ಬಸ್ ಬಿಡತೈತಿ."

ಮುಗೀತು.

ಸತ್ತ ಮನಷ್ಯಾ ಸಿರಸಂಗಿ ಎತ್ತಿನ ನಡುವ ಕುಂತು ಇಷ್ಟು ದಿನಾ ಬದನಿಕಾಯಿ ಕೇಳಕೋತ ಇದ್ದ. ಇದಕ್ಕ ಬೆರಗಾಗದ ಇನ್ಯಾವದಕ್ಕ ಆಗಬೇಕು ಹೇಳ್ರಿ. ಪದ್ಮವ್ವ ಮರೆವ್ವನ ಕೈ ಹಿಡಕೊಂಡು, "ತುಗೊಂಡಾರ ಯವ್ವಾ. ಹೆಸರು ತುಗೊಂಡಾರ," ಅಂದ್ಲು. ಹವಾಲ್ದಾರ ಟೊಪಗಿ ಕೈಯಾಗ ಹಿಡದಿದ್ದ. ನನ್ನ ಕತ್ತರಿ ಎಲ್ಲಿ ಬಿತ್ತೋ 'ಠಣ್' ಅಂದದ್ದಷ್ಟ ಗೊತ್ತು.

"ಇನ್ನೊಮ್ಮೆ ಹಚ್ಚರಿ," ಅಂದ ಶಿವಲಿಂಗಪ್ಪ, ಟವೆಲಿನಿಂದ ಕಣ್ಣು ಒರಸಿಕೋತ.

ಮಡಿವಾಳೆಪ್ಪ ಹಚ್ಚಿದ. ಸಂತಿ ಗದ್ದಲಾ ಬಂತು, ಕೆಮ್ಮು ಬಂತು, ಹೆಸರು ಬಂತು. ಅಂವಾ ತರಲ್ಯೋ ಬ್ಯಾಡೋ ಅಂತ ಕೇಳೋ ಹೊತ್ತಿಗೆ ಮರೆವ್ವ ತಲಿ ಮ್ಯಾಲ ಸೆರಗು ಸರಿ ಮಾಡಿಕೊಂಡು, ಮೊಬೈಲ್ ಕಡೆ ಸ್ವಲ್ಪ ಬಗ್ಗಿದ್ಲು.

"ತರ್ರಿ," ಅಂದ್ಲು. "ಸಣ್ಣವು ನೋಡಿ ತರ್ರಿ."